ಬಹುಕಾಲ ದುಡಿದವರನ್ನು ಬೀಳ್ಕೊಡುವ ಬಗೆ

ಒಬ್ಬ ಮನುಷ್ಯ ಇಪ್ಪತ್ತು ವರ್ಷಗಳ ಕಾಲ ಒಂದು ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ. ಈಗ ಆತನ ಕೈಯಲ್ಲಿ ಆ ಕೆಲಸ ಮೊದಲಿನಂತೆ ಸಾಗುತ್ತಿಲ್ಲ. ಆತನಿಗೆ ಅದು ತಿಳಿಯುತ್ತಿಲ್ಲ, ಅಥವಾ ತಿಳಿದಿದ್ದರೂ ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ಆತನ ಶ್ರಮದ ಫಲವನ್ನು ಇಷ್ಟು ಕಾಲ ಉಂಡ ನಾವು ಏನು ಮಾಡಬೇಕು? ಹಿಂದಿನ ಉಪಕಾರವನ್ನು ನೆನೆದು ಸುಮ್ಮನಿರಬೇಕೇ? ಅಥವಾ ಕೆಲಸ ಕೆಡುತ್ತಿದೆಯೆಂದು ಆತನನ್ನು ಕುರ್ಚಿಯಿಂದ ಎಬ್ಬಿಸಬೇಕೇ? ಎಬ್ಬಿಸುವುದಾದರೆ ಯಾವ ಮಾತಿನಿಂದ?

ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಎದುರಿಸದ ಮನೆಯಿಲ್ಲ, ಅಂಗಡಿಯಿಲ್ಲ, ಸಂಸ್ಥೆಯಿಲ್ಲ. ಆದರೆ ಸ್ವಂತ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ಅದನ್ನು ತಂಪಾಗಿ ಆಲೋಚಿಸಲು ನಮಗೆ ಸಾಧ್ಯವಾಗುವುದಿಲ್ಲ. ಬೇಸರ, ಮುಜುಗರ, ಆಸ್ತಿಯ ಲೆಕ್ಕಾಚಾರ ಎಲ್ಲವೂ ನಡುವೆ ಬಂದು ನಿಲ್ಲುತ್ತವೆ. ಆದುದರಿಂದ ನಮಗೆ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಒಂದು ದೂರದ ಉದಾಹರಣೆಯನ್ನು ಮೊದಲು ನೋಡೋಣ. ಅದು ಒಂದು ಫುಟ್‌ಬಾಲ್ ಕ್ಲಬ್ಬಿನ ಕಥೆ.

ಇದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಿಮ್ಮ ಮನೆಯ ಹುಡುಗರನ್ನೊಮ್ಮೆ ಕೇಳಿ ನೋಡಿರಿ. ಇಂಗ್ಲೆಂಡಿನ ಯಾವ ಕ್ಲಬ್ಬಿನಲ್ಲಿ ಯಾರು ಆಡುತ್ತಾರೆ, ಯಾರ ಕೆಲಸ ಹೋಗಲಿದೆ, ಆ ಜಾಗಕ್ಕೆ ಯಾರು ಬರಬೇಕು ಎಂಬುದನ್ನು ಅವರು ಬಾಯಿಪಾಠ ಒಪ್ಪಿಸಿದಂತೆ ಹೇಳಬಲ್ಲರು. ಹಿರಿಯರಾದ ನಾವು ಅದನ್ನು ಆಟದ ಹುಚ್ಚು ಎಂದು ಬದಿಗೆ ತಳ್ಳುತ್ತೇವೆ. ವಸ್ತುತಃ ಆ ಚರ್ಚೆಯೊಳಗೆ ಒಂದು ಗಂಭೀರವಾದ ನೈತಿಕ ಪ್ರಶ್ನೆ ಅಡಗಿದೆ. ಹುಡುಗರು ಅದನ್ನು ಗಮನಿಸದೆ ಚರ್ಚಿಸುತ್ತಾರೆ. ನಾವು ಚರ್ಚಿಸದೆಯೇ ತಿರಸ್ಕರಿಸುತ್ತೇವೆ.

ಆ ಇಪ್ಪತ್ತೆರಡು ವರ್ಷಗಳು

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಕಚೇರಿಯಲ್ಲಿ ಕುಳಿತು ಲೆಕ್ಕ ಬರೆಯುವವನಲ್ಲ. ತಂಡವನ್ನು ತರಬೇತುಗೊಳಿಸುವುದು, ಯಾರು ಆಡಬೇಕು, ಯಾರು ಹೊರಗಿರಬೇಕು ಎಂದು ನಿರ್ಧರಿಸುವುದು ಆತನ ಹೊಣೆ. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬುದರಲ್ಲಿಯೂ ಹಿಂದೆ ಆತನ ಮಾತೇ ಕೊನೆಯ ಮಾತಾಗಿತ್ತು. ಗೆದ್ದರೆ ಹೂಮಾಲೆ ಆತನಿಗೆ, ಸೋತರೆ ಬೈಗುಳವೂ ಆತನಿಗೆ.

1996ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ಫ್ರಾನ್ಸಿನ ಆರ್ಸೆನ್ ವೆಂಗರ್ ಎಂಬವರು ಮ್ಯಾನೇಜರರಾಗಿ ಬಂದರು. ಅದಕ್ಕೆ ಮುಂಚೆ ಅವರು ಜಪಾನಿನ ಒಂದು ಕ್ಲಬ್ಬಿನಲ್ಲಿದ್ದರು. ಇಂಗ್ಲೆಂಡಿನಲ್ಲಿ ಅವರ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಈತ ಯಾರು ಎಂದು ಲಂಡನ್ನಿನ ಪತ್ರಿಕೆಯೊಂದು ತಲೆಬರಹದಲ್ಲಿಯೇ ಕೇಳಿತ್ತು. ಆ ಯಾರೋ ಒಬ್ಬರು ಬಂದು ಆಟಗಾರರ ಊಟವನ್ನು ಬದಲಾಯಿಸಿದರು. ಕುಡಿತಕ್ಕೆ ಹೆಸರಾಗಿದ್ದ ತಂಡಕ್ಕೆ ಶಿಸ್ತಿನ ಜೀವನವನ್ನು ಕಲಿಸಿದರು. 1998ರಲ್ಲಿಯೂ 2002ರಲ್ಲಿಯೂ ಆರ್ಸೆನಲ್ ಒಂದೇ ವರ್ಷದಲ್ಲಿ ಲೀಗ್ ಮತ್ತು ಎಫ್.ಎ. ಕಪ್ ಎರಡನ್ನೂ ಗೆದ್ದಿತು. 2003-04ರ ಲೀಗಿನಲ್ಲಿ ಆಡಿದ 38 ಪಂದ್ಯಗಳಲ್ಲಿ 26ನ್ನು ಗೆದ್ದು 12ನ್ನು ಸಮ ಮಾಡಿಕೊಂಡಿತು. ಒಂದನ್ನೂ ಸೋಲಲಿಲ್ಲ.

ಆಮೇಲೆ ಕಾಲ ತಿರುಗಿತು. 2006ರಲ್ಲಿ ಕ್ಲಬ್ಬು ಸುಮಾರು 38 ಸಾವಿರ ಜನ ಹಿಡಿಯುವ ಹಳೆಯ ಮೈದಾನವನ್ನು ಬಿಟ್ಟು 60 ಸಾವಿರ ಜನ ಹಿಡಿಯುವ ಹೊಸ ಮೈದಾನಕ್ಕೆ ಹೋಯಿತು. ಅದನ್ನು ಕಟ್ಟಿದ ಸಾಲ ಬೆಟ್ಟದಷ್ಟಿತ್ತು. ಅದನ್ನು ತೀರಿಸುವ ವರ್ಷಗಳಲ್ಲಿ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ಬೇರೆ ಕ್ಲಬ್ಬುಗಳಿಗೆ ಹೋದರು. 2005ರ ಎಫ್.ಎ. ಕಪ್ಪಿನ ನಂತರ 2014ರವರೆಗೆ ಆರ್ಸೆನಲ್‌ಗೆ ಒಂದು ಪ್ರಶಸ್ತಿಯೂ ಬರಲಿಲ್ಲ. 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 8-2ರಿಂದ ಸೋತಿತು. 2014ರ ಮಾರ್ಚ್‌ನಲ್ಲಿ ವೆಂಗರ್‌ರವರ ಸಾವಿರದ ಪಂದ್ಯದ ದಿನವೇ ಚೆಲ್ಸಿ ಎದುರು 6-0ರಿಂದ ಸೋತಿತು. 2017ರಲ್ಲಿ ಬಯರ್ನ್ ಮ್ಯೂನಿಕ್ ತಂಡವು ಎರಡು ಪಂದ್ಯಗಳಲ್ಲಿ ಒಟ್ಟು ಹತ್ತು ಗೋಲು ಹೊಡೆಯಿತು.

ಆದರೆ ಚಿತ್ರದ ಇನ್ನೊಂದು ಬದಿಯೂ ಇದೆ. ವೆಂಗರ್‌ರವರ ಮೊದಲ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಆರ್ಸೆನಲ್ ಲೀಗಿನ ಮೊದಲ ನಾಲ್ಕು ಸ್ಥಾನಗಳಿಂದ ಕೆಳಗೆ ಇಳಿದಿರಲಿಲ್ಲ. ಸಾಲದ ವರ್ಷಗಳಲ್ಲಿಯೂ ಇಳಿದಿರಲಿಲ್ಲ. 2014, 2015 ಮತ್ತು 2017ರಲ್ಲಿ ಎಫ್.ಎ. ಕಪ್ ಪುನಃ ಬಂತು. ಅವರ ಕಾಲದಲ್ಲಿ ಬಂದ ಎಫ್.ಎ. ಕಪ್ಪುಗಳ ಸಂಖ್ಯೆ ಏಳು. ಅಷ್ಟನ್ನು ಗೆದ್ದ ಮ್ಯಾನೇಜರ್ ಬೇರೊಬ್ಬರಿಲ್ಲ. ಹೀಗಿರುವಾಗ ಈ ಮನುಷ್ಯ ಸೋತವನೇ, ಗೆದ್ದವನೇ? ಅಭಿಮಾನಿಗಳು ಎರಡು ಪಂಗಡವಾದದ್ದು ಈ ಪ್ರಶ್ನೆಯ ಮೇಲೆಯೇ.

ಒಂದೇ ಬೇಡಿಕೆ, ಮೂರು ಬಗೆ

ಈಗ ಅಭಿಮಾನಿಗಳು ತಮ್ಮ ಬೇಡಿಕೆಯನ್ನು ಹೇಗೆ ಮುಂದಿಟ್ಟರು ಎಂಬುದನ್ನು ಗಮನಿಸಿರಿ.

2014ರ ನವೆಂಬರ್ ಕೊನೆಯಲ್ಲಿ ವೆಸ್ಟ್ ಬ್ರಾಮ್‌ವಿಚ್ ಊರಿನ ಪಂದ್ಯದಲ್ಲಿ ಕೆಲವು ಆರ್ಸೆನಲ್ ಅಭಿಮಾನಿಗಳು ಒಂದು ಬಟ್ಟೆಯ ಫಲಕವನ್ನು ಹಿಡಿದರು. ನೀವು ಕೊಟ್ಟ ನೆನಪುಗಳಿಗೆ ಉಪಕಾರ, ಆದರೆ ವಿದಾಯ ಹೇಳುವ ಹೊತ್ತು ಬಂದಿದೆ ಎಂಬುದು ಅದರ ತಾತ್ಪರ್ಯ. ಒಂದು ವಾರದ ನಂತರ ಸ್ಟೋಕ್ ಎಂಬ ಊರಿನಲ್ಲಿ ತಂಡ 3-2ರಿಂದ ಸೋತಿತು. ಅಲ್ಲಿಯ ರೈಲು ನಿಲ್ದಾಣದಲ್ಲಿ ಲಂಡನ್ನಿಗೆ ಹಿಂದಿರುಗಲು ರೈಲು ಹತ್ತುತ್ತಿದ್ದ ವೆಂಗರ್‌ರವರನ್ನು ಸ್ವಂತ ಕ್ಲಬ್ಬಿನ ಅಭಿಮಾನಿಗಳೇ ಮುಖದೆದುರು ನಿಂದಿಸಿದರು. ಅರವತ್ತೈದು ದಾಟಿದ ಮನುಷ್ಯ ಒಂದು ಮಾತನ್ನೂ ಆಡದೆ ರೈಲು ಹತ್ತಿದರು. 2016ರ ಏಪ್ರಿಲ್‌ನಲ್ಲಿ ಮತ್ತೊಂದು ಬಗೆ ಕಾಣಿಸಿತು. ಲೀಗ್ ಗೆದ್ದು 12 ವರ್ಷಗಳಾದುವೆಂಬ ಸೂಚನೆಯಾಗಿ ಪಂದ್ಯದ 12ನೆಯ ನಿಮಿಷದಲ್ಲಿ ಕೆಲವು ಅಭಿಮಾನಿಗಳು ಬದಲಾವಣೆಯ ಸಮಯ ಬಂದಿದೆ ಎಂದು ಮುದ್ರಿಸಿದ ಹಾಳೆಗಳನ್ನು ಎತ್ತಿ ಹಿಡಿದರು. ಉಳಿದವರು ವೆಂಗರ್‌ರವರ ಹೆಸರನ್ನು ಹಾಡಿ ಅದಕ್ಕೆ ಉತ್ತರ ಕೊಟ್ಟರು.

ಮೂರು ಕಡೆಯಲ್ಲಿಯೂ ಬೇಡಿಕೆ ಒಂದೇ: ನೀವು ಹೊರಡಿ. ಆದರೆ ಮೂರೂ ಒಂದೇ ಎಂದು ನೀವು ಹೇಳುವಿರಾ? ಮೊದಲನೆಯದರಲ್ಲಿ ಉಪಕಾರ ಸ್ಮರಣೆಯಿದೆ. ಮೂರನೆಯದರಲ್ಲಿ ಕೆಲಸದ ವಿಮರ್ಶೆಯಿದೆ, ಮನುಷ್ಯನ ನಿಂದೆಯಿಲ್ಲ. ನಡುವಿನದರಲ್ಲಿ ವಿಮರ್ಶೆಯೂ ಇಲ್ಲ, ಸ್ಮರಣೆಯೂ ಇಲ್ಲ. ಸೋಲಿನ ನೋವನ್ನು ಇನ್ನೊಬ್ಬರ ಮೈಮೇಲೆ ಸುರಿದು ಹಗುರಾಗುವ ಆತುರ ಮಾತ್ರ ಇದೆ. ಆದುದರಿಂದ ಬೇಡಿಕೆ ನ್ಯಾಯವಾದುದೇ ಎಂಬುದು ಒಂದು ಪ್ರಶ್ನೆ. ಅದನ್ನು ಕೇಳಿದ ಬಗೆ ನ್ಯಾಯವಾದುದೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕಿದ ಕೂಡಲೇ ಎರಡನೆಯದನ್ನು ಮರೆತುಬಿಡುವುದು ನಮ್ಮೆಲ್ಲರ ಅಭ್ಯಾಸ. ನಾನು ಹೇಳಿದ್ದು ಸತ್ಯವಲ್ಲವೇ ಎಂದು ಕೇಳುತ್ತೇವೆ. ಸತ್ಯವೇ ಇರಬಹುದು. ಆದರೆ ಸತ್ಯವನ್ನು ಹೇಳುವುದಕ್ಕೂ ಅದನ್ನು ಕಲ್ಲಿನಂತೆ ಎಸೆಯುವುದಕ್ಕೂ ವ್ಯತ್ಯಾಸವಿದೆಯಲ್ಲವೇ?

ಇಲ್ಲಿ ಒಂದು ಆಕ್ಷೇಪ ಉದ್ಭವಿಸುತ್ತದೆ. ಸೌಮ್ಯವಾದ ಮಾತಿಗೆ ಯಾರೂ ಕಿವಿಗೊಡಲಿಲ್ಲ, ಆದ್ದರಿಂದಲೇ ಕಟುವಾಗಬೇಕಾಯಿತು ಎಂದು ಕೆಲವರು ಹೇಳುತ್ತಾರೆ. ಕಟುತ್ವದಿಂದ ಕೆಲಸ ಸಾಧಿಸಿತೇ? 2017ರ ಮಾರ್ಚ್ 18ರಂದು ಪುನಃ ವೆಸ್ಟ್ ಬ್ರಾಮ್‌ವಿಚ್ ಮೈದಾನದ ಮೇಲೆ ಒಂದು ಚಿಕ್ಕ ವಿಮಾನ ಹಾರಿತು. ಅದರ ಬಾಲಕ್ಕೆ ಕಟ್ಟಿದ್ದ ಫಲಕದಲ್ಲಿ ವೆಂಗರ್‌ರವರಿಗೆ ಹೊಸ ಒಪ್ಪಂದ ಬೇಡ ಎಂದು ಬರೆದಿತ್ತು. ಅದೇ ದಿನ ಇನ್ನೊಂದು ವಿಮಾನವೂ ಹಾರಿತು. ನಮಗೆ ಅವರಲ್ಲಿ ನಂಬಿಕೆಯಿದೆ ಎಂದು ಅದರಲ್ಲಿತ್ತು. ಒಂದೇ ಕ್ಲಬ್ಬಿನ ಅಭಿಮಾನಿಗಳು ಆಕಾಶದಲ್ಲಿಯೂ ಜಗಳವಾಡಿದರು. ಕೆಳಗೆ ತಂಡ 3-1ರಿಂದ ಸೋತಿತು. ಅದೇ ವರ್ಷ ಮೇ ಕೊನೆಯಲ್ಲಿ ಕ್ಲಬ್ಬು ಅವರಿಗೆ ಮತ್ತೆರಡು ವರ್ಷಗಳ ಒಪ್ಪಂದವನ್ನು ನೀಡಿತು. ಮುಂದಿನ ವರ್ಷ ಮಾತ್ರ ಸಾವಿರಾರು ಜನ ಟಿಕೇಟು ಇದ್ದೂ ಮೈದಾನಕ್ಕೆ ಬರುವುದನ್ನು ನಿಲ್ಲಿಸಿದರು. ಆಡಳಿತದವರ ನಿರ್ಧಾರದಲ್ಲಿ ಆ ಖಾಲಿ ಕುರ್ಚಿಗಳಿಗೂ ಪಾಲಿತ್ತೆಂದು ಅಂದು ಪತ್ರಿಕೆಗಳು ಬರೆದವು. ಖಾಲಿ ಕುರ್ಚಿ ಯಾರನ್ನೂ ಬೈಯುವುದಿಲ್ಲ. ಆದರೂ ಅದರ ಮಾತು ಕೇಳಬೇಕಾದವರಿಗೆ ಕೇಳಿಸುತ್ತದೆ.

ಒಂದು ವೇಳೆ ಬೈಗುಳದಿಂದಲೇ ಕೆಲಸ ಸಾಧಿಸಿತ್ತೆಂದು ಇಟ್ಟುಕೊಳ್ಳೋಣ. ಹಾಗಾದರೂ ಅದು ನ್ಯಾಯವಾಗುವುದಿಲ್ಲ. ಮುದುಕನ ಕೈಯಿಂದ ಊರುಗೋಲನ್ನು ಕಿತ್ತುಕೊಂಡರೆ ಆತ ಕುಳಿತುಬಿಡುತ್ತಾನೆ. ಆತ ಕುಳಿತದ್ದರಿಂದ ನಾವು ಕಿತ್ತುಕೊಂಡದ್ದು ಸರಿಯಾಯಿತೆಂದು ಯಾರೂ ಹೇಳಲಾರರು.

ಋಣ ತೀರಿಸುವುದು ಯಾವುದರಿಂದ?

ಈಗ ಮೂಲ ಪ್ರಶ್ನೆಗೆ ಬರೋಣ. ಬಹುಕಾಲ ದುಡಿದವರಿಗೆ ನಾವು ಋಣಿಗಳೇ? ಋಣಿಗಳಾದರೆ ಆ ಋಣವನ್ನು ಹುದ್ದೆಯ ರೂಪದಲ್ಲಿ ತೀರಿಸಬೇಕೇ?

ಋಣವೇ ಇಲ್ಲ ಎನ್ನುವವರಿದ್ದಾರೆ. ಅವರ ವಾದ ಹೀಗಿದೆ: ವೆಂಗರ್‌ರವರಿಗೆ ಕ್ಲಬ್ಬು ಕೋಟಿಗಟ್ಟಲೆ ಸಂಬಳ ಕೊಟ್ಟಿದೆ, ಕೆಲಸಕ್ಕೆ ಕೂಲಿ ಸಂದಿದೆ, ಲೆಕ್ಕ ಚುಕ್ತಾ. ಆದರೆ ಸಂಬಳವು ಯಾವುದಕ್ಕೆ ಸಲ್ಲುತ್ತದೆ ಎಂದು ಆಲೋಚಿಸಿರಿ. ಅದು ಕೆಲಸದ ಗಂಟೆಗಳಿಗೆ ಸಲ್ಲುತ್ತದೆ, ನೈಪುಣ್ಯಕ್ಕೆ ಸಲ್ಲುತ್ತದೆ. ಮೈದಾನದ ಸಾಲ ಹೆಗಲ ಮೇಲಿದ್ದಾಗ ಬೇರೆ ದೊಡ್ಡ ಕ್ಲಬ್ಬುಗಳು ಕರೆದರೂ ಹೋಗದೆ, ಪ್ರಶಸ್ತಿ ಬಾರದ ವರ್ಷಗಳ ಅಪಕೀರ್ತಿಯನ್ನು ತಾವೇ ಹೊತ್ತು ನಿಂತರಲ್ಲ, ಆ ನಿಷ್ಠೆಯನ್ನು ಯಾವ ಸಂಬಳ ಕೊಂಡುಕೊಳ್ಳಬಲ್ಲದು? ಮಕ್ಕಳ ಶುಲ್ಕವನ್ನು ನಾವು ಶಾಲೆಗೆ ಕಟ್ಟುತ್ತೇವೆ. ಆದರೂ ಕಲಿಸಿದ ಮೇಷ್ಟ್ರು ದಾರಿಯಲ್ಲಿ ಎದುರಾದರೆ ಸೈಕಲಿನಿಂದ ಇಳಿಯುತ್ತೇವೆ. ಶುಲ್ಕದಿಂದ ತೀರದ ಏನೋ ಒಂದು ಉಳಿದಿದೆಯೆಂದು ನಮ್ಮ ಮನಸ್ಸಿಗೆ ಗೊತ್ತಿರುವುದರಿಂದಲೇ ಹಾಗೆ ಮಾಡುತ್ತೇವೆ.

ಇನ್ನೊಂದು ಕಡೆಯವರು ಋಣವು ಎಷ್ಟು ದೊಡ್ಡದೆಂದರೆ ಅವರು ತಾವಾಗಿ ಹೊರಡುವವರೆಗೆ ಯಾರೂ ಬಾಯಿ ತೆರೆಯಬಾರದು ಎನ್ನುತ್ತಾರೆ. ಇದು ಕೇಳಲು ಔದಾರ್ಯದ ಮಾತು. ಆದರೆ ಈ ಔದಾರ್ಯದ ಬೆಲೆಯನ್ನು ತೆರುವವರು ಯಾರು? ಹತ್ತೊಂಬತ್ತು ವರ್ಷದ ಒಬ್ಬ ಆಟಗಾರನನ್ನು ಯೋಚಿಸಿರಿ. ಆತನ ಕಾಲಿಗೆ ಶಕ್ತಿಯಿರುವುದು ಹದಿನೈದು ವರ್ಷ ಮಾತ್ರ. ದಾರಿ ತಪ್ಪಿದ ತಂಡದಲ್ಲಿ ಅದರ ಮೂರು ನಾಲ್ಕು ವರ್ಷಗಳು ಕಳೆದುಹೋದರೆ ಅವನ್ನು ಆತನಿಗೆ ಯಾರೂ ಹಿಂದಿರುಗಿಸಲಾರರು. ದುಬಾರಿ ಟಿಕೇಟಿಗಾಗಿ ತಿಂಗಳ ಸಂಬಳದಿಂದ ಹಣ ತೆಗೆದಿಡುವ ಕೆಲಸಗಾರನ ಪಾಡೂ ಇದೇ. ನಮ್ಮ ಋಣವನ್ನು ಬೇರೆಯವರ ಜೇಬಿನಿಂದ ತೀರಿಸುವುದು ಕೃತಜ್ಞತೆಯಲ್ಲ. ಹುದ್ದೆಯೆಂಬುದು ಒಂದು ಹೊಣೆ. ಯಾರ ಹಿತಕ್ಕಾಗಿ ಅದನ್ನು ಒಬ್ಬರ ಕೈಗೆ ಒಪ್ಪಿಸಲಾಗಿದೆಯೋ ಅವರ ಹಕ್ಕು ಅದರೊಳಗೆ ಸೇರಿಕೊಂಡಿದೆ. ಅದನ್ನು ಬಹುಮಾನವಾಗಿ ಹಂಚಲು ನಮಗೆ ಅಧಿಕಾರವಿಲ್ಲ.

ಹಾಗಾದರೆ ಋಣವಿದೆ, ಆದರೆ ಅದನ್ನು ಹುದ್ದೆಯಿಂದ ತೀರಿಸುವಂತಿಲ್ಲ. ಮತ್ತೆ ಯಾವುದರಿಂದ ತೀರಿಸಬೇಕು? ನನಗೆ ತೋಚುವಂತೆ ಮೂರು ಸಂಗತಿಗಳಿಂದ. ಒಂದು, ಸತ್ಯವನ್ನು ಅವರಿಗೇ ಹೇಳುವುದು, ಬೆನ್ನ ಹಿಂದೆ ಅಲ್ಲ. ಎರಡು, ತೂಗುವಾಗ ತಕ್ಕಡಿಯ ಎರಡೂ ತಟ್ಟೆಗಳನ್ನು ತುಂಬುವುದು. ಸೋತ ಪಂದ್ಯಗಳನ್ನು ಎಣಿಸಿದವನು ತೀರಿದ ಸಾಲವನ್ನೂ ಎಣಿಸಬೇಕು. ಮೂರು, ಅವರು ಹೊರಡುವ ದಾರಿಯಲ್ಲಿ ಮುಳ್ಳು ಚೆಲ್ಲದಿರುವುದು. ಕೃತಜ್ಞತೆಯು ನಿರ್ಧಾರವನ್ನು ತಡೆಯಬೇಕಾಗಿಲ್ಲ. ಅದನ್ನು ಯಾವ ರೀತಿಯಲ್ಲಿ ಕೈಗೊಳ್ಳಬೇಕು ಎಂಬುದನ್ನು ಅದು ಹೇಳಿಕೊಡಬೇಕು.

ಮುಂದಿನವರು ಯಾರು?

ಹೊರಡಬೇಕೇ ಎಂಬ ಚರ್ಚೆ ಮುಗಿಯುವ ಮೊದಲೇ ಯಾರು ಬರಬೇಕು ಎಂಬ ಚರ್ಚೆ ಆರಂಭವಾಗಿಬಿಡುತ್ತದೆ. 2018ರ ಏಪ್ರಿಲ್ 20ರಂದು ವೆಂಗರ್‌ರವರು ಋತುವಿನ ಕೊನೆಗೆ ಹೊರಡುವರೆಂದು ಪ್ರಕಟವಾಯಿತು. ಯುವೆಂಟಸ್‌ನ ಮಾಸಿಮಿಲಿಯಾನೊ ಅಲೆಗ್ರಿ, ಬಾರ್ಸಿಲೋನಾದಲ್ಲಿದ್ದ ಲೂಯಿಸ್ ಎನ್ರಿಕೆ, ಆರ್ಸೆನಲ್‌ನ ಹಳೆಯ ಆಟಗಾರರಾದ ಪ್ಯಾಟ್ರಿಕ್ ವಿಯೆರಾ, ತಿಯೆರಿ ಹೆನ್ರಿ, ಮಿಕೆಲ್ ಆರ್ಟೆಟಾ ಹೀಗೆ ಹೆಸರುಗಳ ಪಟ್ಟಿಯೇ ಜನರ ಬಾಯಲ್ಲಿತ್ತು. ಒಬ್ಬೊಬ್ಬ ಅಭಿಮಾನಿಯೂ ತನ್ನ ಹೆಸರೇ ಸರಿಯೆಂದು ಆಣೆಯಿಟ್ಟಂತೆ ಹೇಳುತ್ತಿದ್ದ. ಕೊನೆಯ ದಿನಗಳಲ್ಲಿ ಪತ್ರಿಕೆಗಳು ಆರ್ಟೆಟಾರ ಹೆಸರನ್ನೇ ಹೇಳುತ್ತಿದ್ದವು. ಆದರೆ ಮೇ 23ರಂದು ಕ್ಲಬ್ಬು ಸ್ಪೇನಿನ ಉನಾಯ್ ಎಮೆರಿ ಎಂಬವರನ್ನು ನೇಮಿಸಿತು.

ಮುಂದೆ ಏನಾಯಿತೆಂದು ನೋಡಿರಿ. ಹೆನ್ರಿ ಅದೇ ವರ್ಷ ಮೊನಾಕೊ ಕ್ಲಬ್ಬಿನ ಹೊಣೆ ಹೊತ್ತು ಸುಮಾರು ಮೂರು ತಿಂಗಳಲ್ಲಿಯೇ ಕೆಲಸ ಕಳೆದುಕೊಂಡರು. ಲೂಯಿಸ್ ಎನ್ರಿಕೆ 2025ರಲ್ಲಿ ಪ್ಯಾರಿಸ್ ತಂಡಕ್ಕೆ ಯುರೋಪಿನ ಅತಿ ದೊಡ್ಡ ಪ್ರಶಸ್ತಿಯನ್ನು ತಂದುಕೊಟ್ಟರು. ಎಮೆರಿ ಮೊದಲ ವರ್ಷ 70 ಅಂಕ ಗಳಿಸಿದರು. ವೆಂಗರ್‌ರವರ ಕೊನೆಯ ವರ್ಷ ಬಂದಿದ್ದುದು 63. ನಾಲ್ಕನೆಯ ಸ್ಥಾನ ಒಂದೇ ಅಂಕದಿಂದ ತಪ್ಪಿತು. ಎರಡನೆಯ ವರ್ಷ ಸತತ ಏಳು ಪಂದ್ಯಗಳಲ್ಲಿ ಗೆಲುವು ಬಾರದೆ 2019ರ ನವೆಂಬರ್‌ನಲ್ಲಿ ಅವರನ್ನು ತೆಗೆದುಹಾಕಲಾಯಿತು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸಿ ಜನ ನಕ್ಕರು. ಪರಭಾಷೆಯನ್ನು ಕಷ್ಟಪಟ್ಟು ಕಲಿತು ಮಾತಾಡುವವನನ್ನು ನೋಡಿ, ಒಂದೇ ಭಾಷೆ ಬಲ್ಲವರು ನಗುವುದು! ಅದೇ ಎಮೆರಿ 2021ರಲ್ಲಿ ವಿಲ್ಲಾರಿಯಲ್ ಎಂಬ ಸಣ್ಣ ಊರಿನ ಕ್ಲಬ್ಬಿನೊಂದಿಗೆ ಯುರೋಪಾ ಲೀಗ್ ಗೆದ್ದರು. ಆ ದಾರಿಯಲ್ಲಿ ಸೆಮಿಫೈನಲಿನಲ್ಲಿ ಅವರು ಸೋಲಿಸಿದ್ದು ಆರ್ಸೆನಲನ್ನೇ.

ಎಮೆರಿಯವರ ನಂತರ 2019ರ ಡಿಸೆಂಬರ್‌ನಲ್ಲಿ ಆರ್ಟೆಟಾ ಬಂದರು. ಕೆಲವೇ ತಿಂಗಳುಗಳಲ್ಲಿ ಎಫ್.ಎ. ಕಪ್ ಗೆದ್ದರೂ ಲೀಗಿನಲ್ಲಿ ತಂಡ ಸತತ ಎರಡು ಬಾರಿ ಎಂಟನೆಯ ಸ್ಥಾನದಲ್ಲಿ ನಿಂತಿತು. 2021ರಲ್ಲಿ ಮೊದಲ ಮೂರು ಪಂದ್ಯಗಳನ್ನೂ ಒಂದೂ ಗೋಲಿಲ್ಲದೆ ಸೋತು ಪಟ್ಟಿಯ ತಳಕ್ಕೆ ಇಳಿಯಿತು. ಇವರನ್ನೂ ಕಳುಹಿಸಿರಿ ಎಂಬ ಕೂಗು ಎದ್ದಿತು. ಕ್ಲಬ್ಬು ಕಾದಿತು. ಆಮೇಲೆ 2023, 2024, 2025ರಲ್ಲಿ ತಂಡ ಎರಡನೆಯ ಸ್ಥಾನಕ್ಕೆ ಬಂತು.

ಇದರಿಂದ ನಮಗೆ ಸಿಗುವ ಪಾಠವೇನು? ಎದುರಿಗೆ ಇರುವವರ ದೋಷ ನಮಗೆ ದಿನವೂ ಕಾಣುತ್ತದೆ. ದೂರದಲ್ಲಿರುವವರ ಗುಣ ಮಾತ್ರ ಕಾಣುತ್ತದೆ. ಪಕ್ಕದ ಮನೆಯ ಸೂರು ಸೋರುವುದು ನಮಗೆ ತಿಳಿಯಬೇಕಾದರೆ ಮಳೆಗಾಲದಲ್ಲಿ ಅಲ್ಲಿ ಮಲಗಬೇಕು. ಇರುವವನ ದೋಷವನ್ನು ಬರಲಿರುವವನ ಗುಣದೊಂದಿಗೆ ಹೋಲಿಸಿದರೆ ಬರಲಿರುವವನೇ ಯಾವಾಗಲೂ ಗೆಲ್ಲುತ್ತಾನೆ. ಬಂದ ಮೇಲೆ ಹೋದವನ ಅತ್ಯುತ್ತಮ ವರ್ಷಗಳೊಂದಿಗೆ ಆತನನ್ನು ಹೋಲಿಸಿದರೆ ಆತ ಯಾವಾಗಲೂ ಸೋಲುತ್ತಾನೆ. ಈ ಎರಡು ಸುಳ್ಳು ಹೋಲಿಕೆಗಳ ನಡುವೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಹಾಗೆಂದು ಅಭಿಮಾನಿಗೆ ಮಾತಾಡುವ ಹಕ್ಕಿಲ್ಲವೆಂದು ನಾನು ಹೇಳುವುದಿಲ್ಲ. ಆತ ಹಣ ಕೊಟ್ಟಿದ್ದಾನೆ, ಮನಸ್ಸು ಕೊಟ್ಟಿದ್ದಾನೆ. ಸಮಾಲೋಚನೆಯಿಲ್ಲದೆ ನಡೆಯುವ ಸಂಸ್ಥೆ ಯಾವುದೂ ಒಳ್ಳೆಯದಲ್ಲ. ಆದರೆ ಹೆಸರು ಸೂಚಿಸಿದವನು ನಾಳೆ ಆ ಹೆಸರಿನವನು ಸೋತರೆ ಹೊಣೆ ಹೊರುವುದಿಲ್ಲ. ಹೊಣೆಯಿಲ್ಲದ ಸಲಹೆಯಲ್ಲಿ ವಿನಯವಾದರೂ ಇರಬೇಕು. ನಮಗೆ ತಿಳಿದಷ್ಟರಲ್ಲಿ ಇವರು ಒಳ್ಳೆಯವರೆಂದು ಕಾಣುತ್ತದೆ ಎಂದು ಹೇಳುವವನು ಸಲಹೆ ಕೊಡುತ್ತಾನೆ. ಇವರಲ್ಲದೆ ಬೇರೆ ಯಾರನ್ನು ತಂದರೂ ಸರ್ವನಾಶ ಎನ್ನುವವನು, ಬರುವವನು ಬರುವ ಮೊದಲೇ ಆತನ ಕಾಲಿಗೆ ಹಗ್ಗ ಕಟ್ಟುತ್ತಾನೆ.

ಕುಳಿತವರ ಕರ್ತವ್ಯ

ಇಷ್ಟರವರೆಗೆ ಎಬ್ಬಿಸುವವರ ಬಗ್ಗೆ ಹೇಳಿದೆವು. ಕುಳಿತವರಿಗೂ ಕರ್ತವ್ಯವಿಲ್ಲವೇ? ಖಂಡಿತ ಇದೆ. ಆರ್ಸೆನಲ್‌ನಲ್ಲಿ ವರ್ಷಗಳ ಕಾಲ ಎಲ್ಲ ನಿರ್ಧಾರಗಳೂ ಒಬ್ಬರ ಹೆಗಲ ಮೇಲೆಯೇ ಇದ್ದವು. ಅವರ ನಂತರ ಯಾರು, ಹೇಗೆ ಎಂಬುದಕ್ಕೆ ಸಿದ್ಧತೆ ಬಹಳ ತಡವಾಗಿ ನಡೆಯಿತು. ಇದರಲ್ಲಿ ಮಾಲಿಕರ ತಪ್ಪೇ ದೊಡ್ಡದು. ಆದರೂ 2021ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರದಲ್ಲಿ ವೆಂಗರ್‌ರವರೇ, ತಾವು ಮತ್ತು ಕ್ಲಬ್ಬು ಒಂದೇ ಎಂದು ಭಾವಿಸಿದ್ದು ತಪ್ಪಾಯಿತು, ಬಹುಶಃ ಮೊದಲೇ ಬೇರೆ ಕಡೆಗೆ ಹೋಗಬೇಕಿತ್ತು ಎಂಬರ್ಥದಲ್ಲಿ ಮಾತಾಡಿದರು. ಎಷ್ಟು ಪ್ರಾಮಾಣಿಕವಾದ ಮಾತು! ಕೆಲಸವನ್ನು ಅತಿಯಾಗಿ ಪ್ರೀತಿಸಿದವನಿಗೆ ತಾನಿಲ್ಲದ ಕೆಲಸವನ್ನು ಊಹಿಸಲಾಗುವುದಿಲ್ಲ. ಪ್ರೀತಿಯೇ ಇಲ್ಲಿ ಪರದೆಯಾಗುತ್ತದೆ.

ಹೊರಡುವುದನ್ನು ಬಲ್ಲವರೂ ಇದ್ದಾರೆ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು 1986ರಿಂದ 2013ರವರೆಗೆ ನಡೆಸಿದ ಅಲೆಕ್ಸ್ ಫರ್ಗ್ಯುಸನ್, ಲೀಗ್ ಗೆದ್ದ ವರ್ಷವೇ ನಿವೃತ್ತರಾದರು. ವಿದಾಯದ ದಿನ ಮೈದಾನದಲ್ಲಿ ನಿಂತು, ತನಗೆ ಕೆಟ್ಟ ಕಾಲವಿದ್ದಾಗ ಎಲ್ಲರೂ ತನ್ನ ಜೊತೆ ನಿಂತರು, ಇನ್ನು ಹೊಸ ಮ್ಯಾನೇಜರರ ಜೊತೆ ನಿಲ್ಲುವುದು ನಿಮ್ಮ ಕೆಲಸ ಎಂದು ಜನರಿಗೆ ಹೇಳಿದರು. ಅವರೇ ಆರಿಸಿದ ಡೇವಿಡ್ ಮೋಯೆಸ್‌ರವರಿಗೆ ಆರು ವರ್ಷಗಳ ಒಪ್ಪಂದವಾಯಿತು. ಹತ್ತೇ ತಿಂಗಳಲ್ಲಿ, 2014ರ ಏಪ್ರಿಲ್‌ನಲ್ಲಿ, ಅವರನ್ನು ಕಳುಹಿಸಿಬಿಟ್ಟರು. ಅದಕ್ಕೂ ಮುನ್ನ ಅಲ್ಲಿಯೂ ಒಂದು ವಿಮಾನ ಹಾರಿತ್ತು. ಬೀಳ್ಕೊಡುಗೆಯ ಮಾತಿಗೆ ಕಣ್ಣೀರು ಹಾಕಿದ ಜನ ಆ ಮಾತನ್ನು ಒಂದು ವರ್ಷವೂ ಪಾಲಿಸಲಿಲ್ಲ.

2024ರ ಮೇ ತಿಂಗಳಲ್ಲಿ ಯುರ್ಗನ್ ಕ್ಲೋಪ್ ಸುಮಾರು ಒಂಬತ್ತು ವರ್ಷಗಳ ಸೇವೆಯ ನಂತರ ಲಿವರ್‌ಪೂಲ್ ಕ್ಲಬ್ಬನ್ನು ಬಿಟ್ಟರು. ತನ್ನಲ್ಲಿ ಶಕ್ತಿ ಕುಂದುತ್ತಿದೆ ಎಂದು ಅವರೇ ನಾಲ್ಕು ತಿಂಗಳ ಮೊದಲು ತಿಳಿಸಿದ್ದರು. ಕೊನೆಯ ದಿನ ಸಾವಿರಾರು ಜನ ಅವರ ಹೆಸರನ್ನು ಹಾಡುತ್ತಿದ್ದಾಗ, ಅವರು ತನ್ನ ಜಾಗಕ್ಕೆ ಬರಲಿದ್ದ ಆರ್ನೆ ಸ್ಲಾಟ್‌ರವರ ಹೆಸರನ್ನು ಹಾಡತೊಡಗಿ ಜನರಿಂದಲೂ ಹಾಡಿಸಿದರು. ಇನ್ನೂ ಊರಿಗೇ ಬಾರದಿದ್ದ ಒಬ್ಬನಿಗೆ ಹೊರಡುವವನು ತನ್ನ ಪಾಲಿನ ಪ್ರೀತಿಯಿಂದ ಕೊಟ್ಟ ಕಾಣಿಕೆಯದು. ಮುಂದಿನ ವರ್ಷ ಸ್ಲಾಟ್ ಲೀಗ್ ಗೆದ್ದರು. ಗೆಲ್ಲದಿದ್ದರೂ ಕ್ಲೋಪ್ ಮಾಡಿದ್ದು ಸರಿಯೇ ಆಗಿರುತ್ತಿತ್ತು.

ಇದು ನಮ್ಮ ಮನೆಯ ಮಾತು

ಓದುಗರೇ, ಈಗ ಮೈದಾನವನ್ನು ಬಿಟ್ಟು ಮನೆಗೆ ಬನ್ನಿರಿ. ನಲವತ್ತು ವರ್ಷ ಅಂಗಡಿ ನಡೆಸಿದ ತಂದೆಯವರಿಗೆ ಈಗ ಲೆಕ್ಕ ತಪ್ಪುತ್ತದೆ. ಸಾಲ ಕೊಟ್ಟವರ ಹೆಸರು ಮರೆತುಹೋಗುತ್ತದೆ. ಆದರೂ ಗಲ್ಲೆಯ ಬೀಗದ ಕೈ ಅವರ ಸೊಂಟದಲ್ಲಿಯೇ ಇದೆ. ಮಗನಿಗೆ ಮನೆ ನಡೆಸಬೇಕು, ಮಕ್ಕಳನ್ನು ಓದಿಸಬೇಕು. ಆತ ಏನು ಮಾಡಬೇಕು? ಸುಮ್ಮನಿದ್ದರೆ ಅಂಗಡಿ ಮುಚ್ಚುತ್ತದೆ, ಅದರ ನಷ್ಟ ತಂದೆಗೂ ತಪ್ಪುವುದಿಲ್ಲ. ಗಿರಾಕಿಗಳ ಎದುರಲ್ಲಿ ಗದರಿಸಿದರೆ ತಂದೆಯ ನಲವತ್ತು ವರ್ಷ ಒಂದು ನಿಮಿಷದಲ್ಲಿ ಮಣ್ಣಾಗುತ್ತದೆ.

ನಡುವೆ ದಾರಿಯಿದೆ. ಅಂಗಡಿ ಮುಚ್ಚಿದ ಮೇಲೆ, ಇಬ್ಬರೇ ಇರುವಾಗ, ಅಪ್ಪಾ, ಇನ್ನು ಮೇಲೆ ಲೆಕ್ಕ ನಾನು ನೋಡುತ್ತೇನೆ, ನೀವು ಜೊತೆಯಲ್ಲಿ ಕುಳಿತುಕೊಳ್ಳಿ ಎಂದು ಹೇಳಬಹುದು. ಒಮ್ಮೆ ಹೇಳಿದರೆ ಸಾಲದು. ಹತ್ತು ಸಲ ಹೇಳಬೇಕಾದೀತು. ಪ್ರತಿ ಸಲವೂ ಮೊದಲ ಸಲದಷ್ಟೇ ಮೃದುವಾಗಿ ಹೇಳುವುದು ಕಷ್ಟ. ಆ ಕಷ್ಟವೇ ನಾವು ತೀರಿಸಬೇಕಾದ ಋಣ. ತಂದೆಗೂ ಒಂದು ಮಾತು: ಬೀಗದ ಕೈಯನ್ನು ಕೈ ಗಟ್ಟಿಯಿರುವಾಗಲೇ ಕೊಟ್ಟರೆ ಅದು ದಾನವಾಗುತ್ತದೆ, ಕೈ ನಡುಗಿ ಬಿದ್ದ ಮೇಲೆ ಇನ್ನೊಬ್ಬರು ಅದನ್ನು ನೆಲದಿಂದ ಎತ್ತಿಕೊಳ್ಳಬೇಕಾಗುತ್ತದೆ. ಕೊಟ್ಟ ಮೇಲೆ ಮಗನ ಪ್ರತಿಯೊಂದು ತಪ್ಪಿಗೂ ನನ್ನ ಕಾಲದಲ್ಲಿ ಹೀಗಿರಲಿಲ್ಲ ಎನ್ನಬಾರದು. ಶಾಲೆಯ ಮುಖ್ಯೋಪಾಧ್ಯಾಯರಿಗೂ, ಸಂಘದ ಅಧ್ಯಕ್ಷರಿಗೂ, ಸೊಸೆ ಬಂದ ಮೇಲೆ ಅಡುಗೆ ಮನೆಯ ಯಜಮಾನಿಕೆಯನ್ನು ಬಿಡಲಾರದ ಅತ್ತೆಗೂ ಈ ಮಾತು ಸಲ್ಲುತ್ತದೆ.

2018ರ ಮೇ 6ರಂದು ವೆಂಗರ್‌ರವರು ತನ್ನ ಕ್ಲಬ್ಬಿನ ಮೈದಾನದಲ್ಲಿ ಕೊನೆಯ ಬಾರಿಗೆ ಜನರ ಮುಂದೆ ನಿಂತರು. ಹಿಂದಿನ ದಿನವಷ್ಟೇ ಫರ್ಗ್ಯುಸನ್‌ರವರಿಗೆ ಮೆದುಳಿನ ರಕ್ತಸ್ರಾವದಿಂದ ಶಸ್ತ್ರಚಿಕಿತ್ಸೆಯಾಗಿತ್ತು. ತನ್ನ ವಿದಾಯದ ಭಾಷಣವನ್ನು ವೆಂಗರ್‌ರವರು ಆರಂಭಿಸಿದ್ದು, ಸುಮಾರು ಹದಿನೇಳು ವರ್ಷಗಳ ಎದುರಾಳಿಯಾಗಿದ್ದ ಆ ಮನುಷ್ಯನಿಗೆ ಆರೋಗ್ಯವನ್ನು ಹಾರೈಸಿ. ತನ್ನನ್ನು ನಿಂದಿಸಿದವರ ಬಗ್ಗೆ ದೂರಲಿಲ್ಲ. ಒಂದು ವಾರದ ನಂತರ ಹಡರ್ಸ್‌ಫೀಲ್ಡ್ ಊರಿನಲ್ಲಿ ಅವರ ಕೊನೆಯ ಪಂದ್ಯ ನಡೆಯಿತು. ಅಲ್ಲಿಯೂ ಒಂದು ವಿಮಾನ ಹಾರಿತು. ಈ ಸಲ ಅದರ ಬಾಲದಲ್ಲಿದ್ದುದು ಫ್ರೆಂಚ್ ಭಾಷೆಯ ಧನ್ಯವಾದ. 2023ರ ಜುಲೈಯಲ್ಲಿ ಕ್ಲಬ್ಬು ಮೈದಾನದ ಹೊರಗೆ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿತು.

ಧನ್ಯವಾದ ಹೇಳಿದ್ದು ಒಳ್ಳೆಯದೇ. ಪ್ರತಿಮೆ ನಿಲ್ಲಿಸಿದ್ದೂ ಒಳ್ಳೆಯದೇ. ಆದರೆ ಹೊರಟು ನಿಂತವರಿಗೆ ಧನ್ಯವಾದ ಹೇಳಲು ನಮಗೆ ಏನೂ ಖರ್ಚಾಗುವುದಿಲ್ಲ. ಅವರು ಇನ್ನು ನಮ್ಮ ದಾರಿಗೆ ಅಡ್ಡವಿಲ್ಲ. ಅಡ್ಡವಿದ್ದಾಗ, ಅವರಿಂದ ನಮಗೆ ನಷ್ಟವಾಗುತ್ತಿದ್ದಾಗ, ಅವರು ನಮ್ಮ ಮಾತನ್ನು ಕೇಳದಿದ್ದಾಗ ನಾವು ಯಾವ ಸ್ವರದಲ್ಲಿ ಮಾತಾಡಿದೆವು? ನಮ್ಮ ಕೃತಜ್ಞತೆ ಎಷ್ಟು ತೂಕದ್ದೆಂದು ತಿಳಿಯುವುದು ಆ ಸ್ವರದಿಂದ. ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದ ಸ್ಥಳದಲ್ಲಿ ಹಾಗೆ ಕುರ್ಚಿಯಲ್ಲಿ ಕುಳಿತಿರುವ ಹಿರಿಯರೊಬ್ಬರು ಇಂದು ಇದ್ದಾರೆಯೇ? ಅವರು ಹೊರಡಬೇಕಾದ ಹೊತ್ತು ನಿಜವಾಗಿಯೂ ಬಂದಿದೆಯೇ? ಬಂದಿದ್ದರೆ ಹೇಳಿರಿ, ಅಡಗಿಸಿಡಬೇಡಿರಿ. ಆದರೆ ಹೇಳುವ ಮೊದಲು, ಅವರು ನಿಮಗಾಗಿ ಮಾಡಿದ್ದನ್ನು ಒಂದು ಕಾಗದದ ಮೇಲೆ ಬರೆದು ಒಮ್ಮೆ ಓದಿಕೊಳ್ಳಿರಿ. ಅನಂತರ ನಿಮ್ಮ ಬಾಯಿಂದ ಬರುವ ಮಾತಿನ ಸ್ವರ ಬೇರೆಯೇ ಆಗಿರುತ್ತದೆ.